ಆಟದ ಶಿರಸ್ತ್ರಾಣ: ತಿದ್ದೋಣ, ಅಚ್ಚು ತೆಗೆಯೋಣ, ಎರಕ ಮಾಡೋಣ



ಗೌರಿ ಹುಣ್ಣಿಮೆಗೆ ನಿಮ್ಮ ಮನೆಗಳಲ್ಲಿ ಸಕ್ಕರೆ ಆರತಿ ಮಾಡುತ್ತಾರಲ್ಲವೇ? ಎರಡು ಹೋಳಿನ ಮರದ ಅಚ್ಚನ್ನು ಮೊದಲು ನೀರಿನಲ್ಲಿ ನೆನೆಸುತ್ತಾರೆ. ಹೋಳುಗಳನ್ನು ಜೋಡಿಸಿ ಬಿಗಿಯಾಗಿ ಕಟ್ಟಿ, ಬಿಸಿ ಪಾಕ ಹೊಯ್ಯುತ್ತಾರೆ. ಪಾಕ ಗಟ್ಟಿಯಾದ ಮೇಲೆ ಅಚ್ಚು ಬಿಚ್ಚಿದರೆ ಆನೆ, ತೇರು, ಗೋಪುರ ಹೊರಬರುತ್ತವೆ. ಅಚ್ಚನ್ನು ನೆನೆಸುವುದೇಕೆ? ಅದು ಒಂದೇ ತುಂಡಾಗಿರದೆ ಎರಡು ಹೋಳಾಗಿರುವುದೇಕೆ? ಈ ಎರಡು ಪ್ರಶ್ನೆಗಳನ್ನು ನೆನಪಿನಲ್ಲಿಡಿ. ಇವಕ್ಕೆ ಉತ್ತರ ತಿಳಿದರೆ ವಿಡಿಯೋ ಗೇಮ್‌ನ ಯೋಧ ಧರಿಸುವಂಥ ಶಿರಸ್ತ್ರಾಣವನ್ನೂ ನೀವು ಮಾಡಬಲ್ಲಿರಿ.

2001ರಲ್ಲಿ ಬಂದ 'ಹೇಲೋ' ಎಂಬ ವಿಡಿಯೋ ಗೇಮ್‌ನ ನಾಯಕ ಮುಖವನ್ನೂ ಮುಚ್ಚುವ ಹಸಿರು ಶಿರಸ್ತ್ರಾಣ ಧರಿಸುತ್ತಾನೆ. ಅದರ ಪ್ರತಿಕೃತಿಯನ್ನು ಹಲವು ದೇಶಗಳಲ್ಲಿ ಅಭಿಮಾನಿಗಳು ಮನೆಯಲ್ಲೇ ಮಾಡುತ್ತಾರೆ. ಅವರು ಅನುಸರಿಸುವ ಹಂತಗಳು ಮೂರು: ಜೇಡಿಮಣ್ಣಿನಲ್ಲಿ ತಿದ್ದುವುದು, ಅದರ ಅಚ್ಚು ತೆಗೆಯುವುದು, ಅಚ್ಚಿನಲ್ಲಿ ಎರಕ ಮಾಡುವುದು. ಅವರು ಬಳಸುವ ಸಿಲಿಕೋನ್ ರಬ್ಬರು, ರಾಳಗಳು ದುಬಾರಿ. ಮಕ್ಕಳು ಮುಟ್ಟುವಂಥವೂ ಅಲ್ಲ. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರವಾದ ಮರ, ಚಿಂದಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನಿಂದಲೇ ಹೆಸರಾಂತ ಗೊಂಬೆಗಳನ್ನು ಮಾಡುತ್ತಾರೆ. ನಾವೂ ಹುಣಸೆ ಬೀಜವನ್ನೇ ನಂಬೋಣ.

ಬೇಕಾಗುವ ಸಾಮಗ್ರಿಗಳು

ಹಳೆಯ ಪ್ಲಾಸ್ಟಿಕ್ ಕೊಡ, ಜೇಡಿಮಣ್ಣು, ಪ್ಲಾಸ್ಟರ್ ಆಫ್ ಪ್ಯಾರಿಸ್, ಹಳೆಯ ವೃತ್ತಪತ್ರಿಕೆ, ಹುಣಸೆ ಬೀಜ, ಸಾಬೂನು, ಗೋಣಿತಾಟಿನ ತುಂಡುಗಳು, ತೆಳುವಾದ ಪ್ಲಾಸ್ಟಿಕ್ ಹಾಳೆ, ಅಳತೆಯ ಟೇಪು.

ಮೊದಲು ಮಣ್ಣಿನ ಪರೀಕ್ಷೆ

ಕೆಂಚನಗುಡ್ಡದ ಸುತ್ತ ಎರೆಮಣ್ಣಿಗೆ ಬರವಿಲ್ಲ. ಆದರೆ ಬೇಸಿಗೆಯಲ್ಲಿ ಎರೆ ಹೊಲ ಹೇಗಿರುತ್ತದೆ ನೆನಪಿಸಿಕೊಳ್ಳಿ. ಕೈ ಹೋಗುವಷ್ಟು ಬಿರುಕು! ಎರೆಮಣ್ಣಿನ ಅತಿ ಸಣ್ಣ ಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಅದರಿಂದ ತಿದ್ದಿದ ಶಿರಸ್ತ್ರಾಣವೂ ಹಾಗೆಯೇ ಬಿರಿಯುತ್ತದೆ.

ಮಾಡಿ ನೋಡಿ: ಎರೆಮಣ್ಣು ಮತ್ತು ಕುಂಬಾರರು ಬಳಸುವ ಜೇಡಿಮಣ್ಣನ್ನು ಬೇರೆ ಬೇರೆಯಾಗಿ ಕಲಸಿ, ಒಂದೊಂದು ಪಟ್ಟಿ ಮಾಡಿ. ಪ್ರತಿ ಪಟ್ಟಿಯ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಗೆರೆ ಎಳೆದು ನೆರಳಿನಲ್ಲಿ ಒಣಗಿಸಿ. ಒಣಗಿದ ಮೇಲೆ ಗೆರೆಯನ್ನು ಮತ್ತೆ ಅಳೆಯಿರಿ. ಗೆರೆ 9 ಸೆಂಟಿಮೀಟರ್ ಆಗಿದ್ದರೆ ಮಣ್ಣು ನೂರಕ್ಕೆ 10ರಷ್ಟು ಕುಗ್ಗಿದೆ ಎಂದರ್ಥ. ಕಡಿಮೆ ಕುಗ್ಗುವ, ಬಿರಿಯದ ಮಣ್ಣನ್ನು ಆರಿಸಿ.

ಮಣ್ಣಿಗಾಗಿ ನೀವಾಗಿಯೇ ತುಂಗಭದ್ರೆಗೆ ಇಳಿಯಬೇಡಿ. ಹೊಳೆಯ ಸೆಳವು, ಮಡುವಿನ ಆಳ ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ಮಣ್ಣನ್ನು ಹಿರಿಯರ ಮೂಲಕ ತರಿಸಿಕೊಳ್ಳಿ.

ಹಂತ 1: ಅಳತೆ ಮತ್ತು ತಿದ್ದುವಿಕೆ

ಮೂಗಿನ ತುದಿ ಮತ್ತು ತಲೆಯ ಹಿಂಭಾಗವನ್ನು ಸೇರಿಸಿ ಟೇಪು ಸುತ್ತಿ ಅಳೆಯಿರಿ. ಅದು 56 ಸೆಂಟಿಮೀಟರ್ ಬಂತೆನ್ನೋಣ. ತಲೆಗೂ ಶಿರಸ್ತ್ರಾಣಕ್ಕೂ ನಡುವೆ ಒಂದೂವರೆ ಸೆಂಟಿಮೀಟರ್ ಗಾಳಿಯಾಡುವ ಜಾಗ ಬೇಕು. ಕಾಗದದ ದಪ್ಪ ಅರ್ಧ ಸೆಂಟಿಮೀಟರ್. ಅಂದರೆ ಸುತ್ತಲೂ 2 ಸೆಂಟಿಮೀಟರ್ ಹೆಚ್ಚಬೇಕು. ಹಾಗಾದರೆ ಸುತ್ತಳತೆ ಎಷ್ಟು ಹೆಚ್ಚಬೇಕು? ವೃತ್ತದ ಸುತ್ತಳತೆ 2 × 3.14 × ತ್ರಿಜ್ಯ. ತ್ರಿಜ್ಯ 2 ಸೆಂಟಿಮೀಟರ್ ಹೆಚ್ಚಿದರೆ ಸುತ್ತಳತೆ 2 × 3.14 × 2, ಅಂದರೆ ಸುಮಾರು 12.6 ಸೆಂಟಿಮೀಟರ್ ಹೆಚ್ಚುತ್ತದೆ. ಆದ್ದರಿಂದ ಮಣ್ಣಿನ ಮಾದರಿಯ ಸುತ್ತಳತೆ ಸುಮಾರು 69 ಸೆಂಟಿಮೀಟರ್ ಇರಲಿ. ತಲೆ ಚಿಕ್ಕದಿರಲಿ ದೊಡ್ಡದಿರಲಿ, ಹೆಚ್ಚುವ ಅಳತೆ ಮಾತ್ರ ಇಷ್ಟೇ ಎಂಬುದನ್ನು ಗಮನಿಸಿ.

ಕೊಡವನ್ನು ಬೋರಲು ಹಾಕಿ, ಮೇಲೆ ಜೇಡಿಮಣ್ಣು ಮೆತ್ತಿ ಶಿರಸ್ತ್ರಾಣದ ಆಕಾರ ತಿದ್ದಿ. ಕೊಡ ಒಳಗಿರುವುದರಿಂದ ಮಣ್ಣು ಕಡಿಮೆ ಸಾಕು, ಭಾರವೂ ಕಡಿಮೆ. ಮಣ್ಣು ಒಣಗದಂತೆ ಒದ್ದೆ ಬಟ್ಟೆ ಮುಚ್ಚಿಡಿ. ಕುತ್ತಿಗೆಯ ಬಾಯಿ ಕಿರಿದಾಗದಿರಲಿ. ತಲೆ ಒಳಗೆ ಹೋಗಬೇಕಾದದ್ದು ಅಲ್ಲಿಂದಲೇ.

ಈಗ ಸಕ್ಕರೆ ಅಚ್ಚಿನ ಎರಡನೆಯ ಪ್ರಶ್ನೆಗೆ ಬರೋಣ. ಗಟ್ಟಿ ಅಚ್ಚು ನೇರವಾಗಿ ಎಳೆದಾಗ ಮಾತ್ರ ಬಿಟ್ಟುಬರುತ್ತದೆ. ಆಕಾರದಲ್ಲಿ ಒಳಕ್ಕೆ ಸರಿದ ಕೊರಕಲು ಇದ್ದರೆ ಅಚ್ಚು ಅಲ್ಲಿ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ. ಅದಕ್ಕಾಗಿಯೇ ಅತಿ ಅಗಲವಾದ ಭಾಗದಲ್ಲಿ ಅಚ್ಚನ್ನು ಎರಡು ಹೋಳು ಮಾಡುವುದು. ನಮ್ಮ ಶಿರಸ್ತ್ರಾಣಕ್ಕೆ ಅದು ಕಿವಿಗಳ ಮೇಲಿನಿಂದ ನೆತ್ತಿ ದಾಟಿ ಹೋಗುವ ಗೆರೆ. ಪರೀಕ್ಷೆ ಸುಲಭ: ಒಂದು ಕಣ್ಣು ಮುಚ್ಚಿ, ಮಾದರಿಯನ್ನು ನೇರ ಮುಂದಿನಿಂದ ನೋಡಿ, ಬಳಿಕ ನೇರ ಹಿಂದಿನಿಂದ ನೋಡಿ. ಎರಡೂ ಕಡೆಯಿಂದ ಕಣ್ಣಿಗೆ ಬೀಳದ ಜಾಗ ಎಲ್ಲಾದರೂ ಇದ್ದರೆ ಮಣ್ಣು ತುಂಬಿ ಇಳಿಜಾರು ಮಾಡಿ. ಅಭಿಮಾನಿಗಳು ಬಳಸುವ ಸಿಲಿಕೋನ್ ರಬ್ಬರು ಬಾಗುವುದರಿಂದ ಅವರಿಗೆ ಈ ತೊಂದರೆ ಕಡಿಮೆ.

ಹಂತ 2: ಅಚ್ಚು ತೆಗೆಯುವುದು

ಈ ಹಂತವನ್ನು ಶಿಕ್ಷಕರೇ ಮಾಡಬೇಕು. ನೀವು ನೋಡಿ ಬರೆದುಕೊಳ್ಳಿ.

ನೆತ್ತಿಯ ಗೆರೆಯ ಉದ್ದಕ್ಕೂ ಪ್ಲಾಸ್ಟಿಕ್ ಹಾಳೆಯ ಪಟ್ಟಿಗಳನ್ನು ಬೇಲಿಯಂತೆ ಚುಚ್ಚಿ. ಒಂದು ಲೋಟ ನೀರಿಗೆ ಸುಮಾರು ಎರಡು ಲೋಟ ಪ್ಲಾಸ್ಟರ್ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಉದುರಿಸಿ, ಕೋಲಿನಿಂದ ಕಲಸಿ. ಮುಂಭಾಗಕ್ಕೆ ಮೊದಲು ತೆಳುವಾಗಿ ಬಳಿದು, ಆಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿತಾಟಿನ ತುಂಡುಗಳನ್ನು ಹೊದಿಸಿ. ಗಟ್ಟಿಯಾದ ಮೇಲೆ ಬೇಲಿ ಕಿತ್ತು, ಅಂಚಿನಲ್ಲಿ ಎರಡು ಮೂರು ಸಣ್ಣ ಗುಳಿ ಕೊರೆಯಿರಿ. ಹೋಳುಗಳು ಮತ್ತೆ ಅದೇ ಜಾಗದಲ್ಲಿ ಕೂರಲು ಇವು ಗುರುತು. ಅಂಚಿಗೆ ಸಾಬೂನಿನ ನೀರನ್ನು ಮೂರು ಸಲ ಬಳಿದು, ಹಿಂಭಾಗಕ್ಕೂ ಹೀಗೆಯೇ ಪ್ಲಾಸ್ಟರ್ ಹಾಕಿ.

ಸಾಬೂನು ಏಕೆ? ಅದಿಲ್ಲದಿದ್ದರೆ ಎರಡನೆಯ ಹೋಳು ಮೊದಲನೆಯದಕ್ಕೆ ಅಂಟಿಬಿಡುತ್ತದೆ. ಮರದ ಅಚ್ಚನ್ನು ನೀರಿನಲ್ಲಿ ನೆನೆಸುವುದೂ ಪಾಕ ಮರಕ್ಕೆ ಅಂಟದಿರಲೆಂದೇ. ಮೊದಲನೆಯ ಪ್ರಶ್ನೆಗೂ ಉತ್ತರ ಸಿಕ್ಕಿತು.

ಪ್ಲಾಸ್ಟರ್ ಬಿಸಿಯಾಗುವುದೇಕೆ?

ಜಿಪ್ಸಂ ಎಂಬ ಖನಿಜದಲ್ಲಿ ಕ್ಯಾಲ್ಸಿಯಂ ಸಲ್ಫೇಟ್‌ನ ಜೊತೆ ನೀರಿನ ಅಣುಗಳು ಸೇರಿಕೊಂಡಿರುತ್ತವೆ. ಜಿಪ್ಸಂ ಕಾಯಿಸಿದಾಗ ಆ ನೀರಿನ ಮುಕ್ಕಾಲು ಪಾಲು ಹೊರಟುಹೋಗಿ ಪ್ಲಾಸ್ಟರ್ ಪುಡಿ ಸಿಗುತ್ತದೆ. ಪ್ಯಾರಿಸ್ ನಗರದ ಜಿಪ್ಸಂ ಗಣಿಗಳಿಂದ ಇದಕ್ಕೆ ಆ ಹೆಸರು ಬಂತು. ಪುಡಿಗೆ ನೀರು ಬೆರೆಸಿದಾಗ ಕಳೆದುಕೊಂಡ ನೀರನ್ನು ಅದು ಮತ್ತೆ ಸೇರಿಸಿಕೊಂಡು, ಸೂಜಿಯಂಥ ಹರಳುಗಳಾಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಆಗ ಶಾಖ ಹೊರಬರುತ್ತದೆ. ಮಣ್ಣು ಒಣಗುವುದು ಭೌತ ಬದಲಾವಣೆ. ನೀರು ಹಾಕಿದರೆ ಮತ್ತೆ ಕೆಸರಾಗುತ್ತದೆ. ಪ್ಲಾಸ್ಟರ್ ಗಟ್ಟಿಯಾಗುವುದು ರಾಸಾಯನಿಕ ಬದಲಾವಣೆ. ನೀರು ಹಾಕಿದರೆ ಮತ್ತೆ ಹಿಟ್ಟಾಗುವುದಿಲ್ಲ.

ಎಚ್ಚರಿಕೆ!

2007ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನ ಶಾಲೆಯೊಂದರಲ್ಲಿ 16 ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಕೈಗಳ ಮಾದರಿ ಮಾಡಲೆಂದು ಪ್ಲಾಸ್ಟರ್ ತುಂಬಿದ ಬಕೆಟ್ಟಿನಲ್ಲಿ ಕೈಯಿಟ್ಟಳು. ಪ್ಲಾಸ್ಟರ್ ಗಟ್ಟಿಯಾಗಿ ಕೈ ಹೊರಬರಲಿಲ್ಲ. ಒಳಗೆ ಶಾಖ ಏರುತ್ತಲೇ ಹೋಯಿತು. ಆಕೆ ಬಹುಪಾಲು ಬೆರಳುಗಳನ್ನು ಕಳೆದುಕೊಂಡಳು. ದಪ್ಪನೆಯ ಪ್ಲಾಸ್ಟರಿನ ನಡುವಿನಿಂದ ಶಾಖ ಬೇಗ ಹೊರಹೋಗಲಾರದು ಎಂಬುದೇ ಇದಕ್ಕೆ ಕಾರಣ.

ಆದ್ದರಿಂದ ಗೆಳೆಯನ ತಲೆಯ ಮೇಲೆ, ಮುಖದ ಮೇಲೆ, ಕೈಯ ಮೇಲೆ ಪ್ಲಾಸ್ಟರಿನ ಅಚ್ಚು ತೆಗೆಯಲೇಬೇಡಿ. ತಮಾಷೆಗೂ ಬೇಡ. ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಉಳಿದ ಪ್ಲಾಸ್ಟರನ್ನು ಚರಂಡಿಗೆ ಸುರಿಯಬೇಡಿ. ಅದು ನೀರಿನೊಳಗೂ ಗಟ್ಟಿಯಾಗುತ್ತದೆ. ಹಳೆಯ ಅಚ್ಚನ್ನು ಹೊಳೆಗೂ ಎಸೆಯಬೇಡಿ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಮೂರ್ತಿಗಳು ಬೇಡವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲಿ ಹೇಳಿದ್ದು ಕೆರೆ, ಹೊಳೆಗಳ ನೀರನ್ನು ಉಳಿಸಲೆಂದೇ.

ಹಂತ 3: ಎರಕ

ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ನುಣ್ಣಗೆ ರುಬ್ಬಿ. ಮನೆಯ ಹಿರಿಯರು ಅದನ್ನು ನೀರಿನಲ್ಲಿ ಕುದಿಸಿಕೊಟ್ಟರೆ ಒಳ್ಳೆಯ ಅಂಟು ಸಿದ್ಧ. ಅಚ್ಚಿನೊಳಗೆ ಸಾಬೂನಿನ ನೀರು ಬಳಿದು, ಮೊದಲ ಪದರಕ್ಕೆ ಬರೀ ನೀರಿನಲ್ಲಿ ಅದ್ದಿದ ಕಾಗದದ ಚೂರುಗಳನ್ನು ಹಚ್ಚಿ. ಅದರ ಮೇಲೆ ಅಂಟು ಹಚ್ಚಿದ ಚೂರುಗಳ ಏಳೆಂಟು ಪದರ ಬರಲಿ. ಪದರಗಳು ಒಂದರ ಮೇಲೊಂದು ಅಡ್ಡಡ್ಡವಾಗಿದ್ದರೆ ಗಟ್ಟಿ. ಪ್ಲಾಸ್ಟರಿನಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಅದು ಕಾಗದದ ನೀರನ್ನು ಹೀರಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಎರಡು ಹೋಳುಗಳನ್ನು ಬಿಡಿಸಿ, ಅಂಚು ಕತ್ತರಿಸಿ, ಕಾಗದದ ಪಟ್ಟಿಗಳಿಂದ ಬೆಸೆಯಿರಿ. ಕಣ್ಣು, ಮೂಗಿನ ಜಾಗವನ್ನು ಅಗಲವಾಗಿ ತೆರೆದು ಬಣ್ಣ ಹಚ್ಚಿ.

ನಾವು ಮಾಡಿದ್ದು ಟೊಳ್ಳು ಎರಕ. ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ನೀರಿನ ಟ್ಯಾಂಕೂ ಟೊಳ್ಳೇ. ಅಚ್ಚಿನೊಳಗೆ ಪ್ಲಾಸ್ಟಿಕ್ ಪುಡಿ ಹಾಕಿ, ಬಿಸಿಮಾಡುತ್ತ ತಿರುಗಿಸಿದಾಗ ಪುಡಿ ಕರಗಿ ಗೋಡೆಗೆ ಅಂಟಿ ಟ್ಯಾಂಕ್ ಆಗುತ್ತದೆ. ಒಮ್ಮೆ ಅಚ್ಚು ಮಾಡಿದರೆ ಅಂಥ ಎಷ್ಟೋ ಟ್ಯಾಂಕ್ ತೆಗೆಯಬಹುದು. ನಿಮ್ಮ ಒಂದು ಅಚ್ಚಿನಿಂದಲೂ ತರಗತಿಯ ಹಲವರಿಗೆ ಶಿರಸ್ತ್ರಾಣ ಸಿಗುತ್ತದೆ. ಶಾಲಾ ವಾರ್ಷಿಕೋತ್ಸವದ ಬಯಲಾಟಕ್ಕೆ ಕಿರೀಟ ಬೇಕಾದರೂ ವಿಧಾನ ಇದೇ.

ಇದು ತಲೆ ಕಾಯುವುದಿಲ್ಲ

ನಿಮ್ಮ ಶಿರಸ್ತ್ರಾಣ ಎಷ್ಟೇ ಚೆನ್ನಾಗಿದ್ದರೂ ಆಟಕ್ಕೆ ಮಾತ್ರ. ಇದನ್ನು ಧರಿಸಿ ಸಿರುಗುಪ್ಪ ರಸ್ತೆಯಲ್ಲಿ ಅಪ್ಪನ ಬೈಕ್ ಹತ್ತಬೇಡಿ. ನಿಜವಾದ ಹೆಲ್ಮೆಟ್ಟಿನ ಹೊರಚಿಪ್ಪಿನ ಒಳಗೆ ದಪ್ಪ ಥರ್ಮೋಕೋಲ್‌ನಂಥ ಪದರ ಇರುತ್ತದೆ. ಬಿದ್ದಾಗ ಆ ಪದರ ಜಜ್ಜಿಹೋಗುತ್ತದೆ. ಹಾಗೆ ಜಜ್ಜಿಹೋಗುತ್ತಲೇ ತಲೆ ನಿಲ್ಲುವ ಸಮಯವನ್ನು ತುಸು ಹೆಚ್ಚಿಸಿ, ಪೆಟ್ಟಿನ ಬಲವನ್ನು ತಗ್ಗಿಸುತ್ತದೆ. ನಮ್ಮ ಕಾಗದದ ಚಿಪ್ಪಿಗೆ ಆ ಶಕ್ತಿಯಿಲ್ಲ. ಬೈಕ್ ಹತ್ತುವಾಗ ಐಎಸ್‌ಐ ಗುರುತಿನ ಹೆಲ್ಮೆಟ್ಟೇ ಬೇಕು, ಪಟ್ಟಿಯನ್ನೂ ಬಿಗಿಯಬೇಕು. ನಾಲ್ಕು ವರ್ಷ ಮೀರಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯವೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಹಿಂದೆ ಕೂರುವ ನಿಮಗೂ ಅದು ಅನ್ವಯಿಸುತ್ತದೆ.

ಯೋಚಿಸಿ, ಉತ್ತರಿಸಿ

1. ಅಚ್ಚಿನ ಒಳಗೆ ಉಬ್ಬಾಗಿರುವ ಭಾಗ ಎರಕದಲ್ಲಿ ಹೇಗೆ ಕಾಣುತ್ತದೆ? ಅಚ್ಚಿನಲ್ಲಿ ನಿಮ್ಮ ಹೆಸರು ಸರಿಯಾಗಿ ಮೂಡಬೇಕಾದರೆ ಹೇಗೆ ಕೊರೆಯಬೇಕು?
2. ಸುತ್ತಲೂ 3 ಸೆಂಟಿಮೀಟರ್ ಹೆಚ್ಚಿಸಿದರೆ ಸುತ್ತಳತೆ ಎಷ್ಟು ಹೆಚ್ಚುತ್ತದೆ?
3. ಇಡ್ಲಿ ತಟ್ಟೆಗೆ ಎಣ್ಣೆ ಸವರುವುದಕ್ಕೂ ಅಚ್ಚಿಗೆ ಸಾಬೂನು ಬಳಿಯುವುದಕ್ಕೂ ಏನು ಹೋಲಿಕೆ?
4. ನಿಮ್ಮ ಊರಿನಲ್ಲಿ ಅಚ್ಚಿನಿಂದ ತಯಾರಾಗುವ ಐದು ವಸ್ತುಗಳನ್ನು ಪಟ್ಟಿ ಮಾಡಿ. ಅವುಗಳಲ್ಲಿ ಯಾವುದರ ಅಚ್ಚು ಒಂದೇ ತುಂಡು, ಯಾವುದರದು ಎರಡು ಹೋಳು? ಏಕೆಂದು ತರಗತಿಯಲ್ಲಿ ಚರ್ಚಿಸಿ.