ದಪ್ಪ ಕಂಬಕ್ಕೆ ಚೌಕ ತೂತು: ಯಾವ ಕೆಲಸಕ್ಕೆ ಯಾವ ಹತ್ಯಾರು?

ಮಲೆನಾಡಿನ ಹಳೆಯ ತೋಟಗಳ ಬಾಗಿಲಲ್ಲಿ ಉಣುಗೋಲು ನೋಡಿರ್ತೀರಿ. ಎರಡು ದಪ್ಪ ಮರದ ಕಂಬ, ಅವುಗಳಲ್ಲಿ ತೂತು, ತೂತಿನಲ್ಲಿ ಜಾರುವ ಅಡ್ಡಗೋಲು. ಮೊಳೆಯೂ ಬೇಡ, ಕೀಲೂ ಬೇಡ. ಕೊಟ್ಟಿಗೆ ಕಂಬಕ್ಕೆ ಅಡ್ಡಪಟ್ಟಿ ಕೂರಿಸುವುದೂ ಇದೇ ಲೆಕ್ಕ. ಮೊಳೆ ಹೊಡೆದ ಪಟ್ಟಿಯನ್ನು ಎಮ್ಮೆ ಮೈ ಉಜ್ಜಿ ಉಜ್ಜಿ ಸಡಿಲ ಮಾಡಿಬಿಡುತ್ತೆ. ಕಂಬದೊಳಗೆ ಹೊಕ್ಕು ಕೂತ ಪಟ್ಟಿ ಅಷ್ಟು ಸುಲಭಕ್ಕೆ ಅಲುಗೋದಿಲ್ಲ.

ಮೊದಲ ಸಲ ನಾನು ಈ ಕೆಲಸ ಮಾಡಿದಾಗ ಕೈಯಲ್ಲಿದ್ದದ್ದು ಒಂದು ಮೊಂಡು ಉಳಿ ಮತ್ತು ಕಬ್ಬಿಣದ ಸುತ್ತಿಗೆ. ಮರದ ಎಳೆಯ ಉದ್ದಕ್ಕೇ ಉಳಿ ಇಟ್ಟು ಜೋರಾಗಿ ಹೊಡೆದೆ. ಕಂಬ ಸಣ್ಣಗೆ ಸೀಳಿತು. "ಪರವಾಗಿಲ್ಲ" ಅಂತ ಅದನ್ನೇ ನೆಟ್ಟೆ. ಆ ಮಳೆಗಾಲದಲ್ಲೇ ಸೀಳು ಬಾಯಿಬಿಟ್ಟು ಗೋಲು ಕಳಚಿಬಿತ್ತು, ದನ ಒಳಗೆ ನುಗ್ಗಿ ಬಾಳೆಯ ಎಳೆಗಿಡಗಳನ್ನೆಲ್ಲ ಮುಗಿಸಿತ್ತು. ಅದಕ್ಕೇ ಹೇಳೋದು, ಹತ್ಯಾರು ಕೊಳ್ಳೋಕೆ ಮುಂಚೆ ಸ್ವಲ್ಪ ಯೋಚಿಸಿ.

ಮೊದಲು ತೂತು ಎಣಿಸಿ

ಒಂದು ಉಣುಗೋಲಿಗೆ ಆರೋ ಎಂಟೋ ತೂತು ಸಾಕು. ಅಷ್ಟಕ್ಕೆ ಡ್ರಿಲ್ ಮತ್ತು ಉಳಿ ಧಾರಾಳ. ದೊಡ್ಡ ಕೊಟ್ಟಿಗೆಗೆ ಐವತ್ತು ಅರವತ್ತು ತೂತು ಬೇಕಾದರೆ ಮಾತ್ರ ಯಂತ್ರದ ಬಗ್ಗೆ ಯೋಚನೆ ಮಾಡಿ.

1. ಉಳಿ ಮತ್ತು ಕೊಡತಿ

ಇದು ಎಲ್ಲರಿಗೂ ಬೇಕು. ಯಂತ್ರ ಇದ್ದರೂ ಮೂಲೆ ಸರಿ ಮಾಡೋದು ಉಳಿಯೇ. ಒಂದು ಇಂಚು ಅಥವಾ ಒಂದೂವರೆ ಇಂಚು ಅಗಲದ, ದಪ್ಪ ಬೆನ್ನಿನ ಉಳಿ ತಗೊಳ್ಳಿ. ತೆಳು ಉಳಿ ಆಳದಲ್ಲಿ ಮೀಟುವಾಗ ಬಾಗುತ್ತೆ ಅಥವಾ ಮುರಿಯುತ್ತೆ. ಮರದ ಹಿಡಿಯ ಉಳಿಗೆ ಮರದ ಕೊಡತಿಯೇ ಸರಿ, ಕಬ್ಬಿಣದ ಸುತ್ತಿಗೆ ಹಿಡಿಯನ್ನು ಒಡೆಯುತ್ತೆ. ಸಾಣೆಕಲ್ಲೂ ಜೊತೆಗಿರಲಿ. ಮೊಂಡು ಉಳಿಗೆ ಹೆಚ್ಚು ಬಲ ಹಾಕ್ಬೇಕು, ಕೈ ಜಾರೋದೂ ಆಗಲೇ.

2. ಡ್ರಿಲ್ ಮತ್ತು ಆಗರ್ ಬಿಟ್

ಹೆಚ್ಚಿನವರಿಗೆ ನನ್ನ ಸಲಹೆ ಇದೇ. 13 ಮಿ.ಮೀ. ಚಕ್, ವೇಗ ಕಡಿಮೆ ಮಾಡುವ ಸೌಲಭ್ಯ, ಪಕ್ಕದ ಹಿಡಿ, ಈ ಮೂರೂ ಇರುವ ಡ್ರಿಲ್ ಆರಿಸಿ. ಮರಕ್ಕೆ ಹ್ಯಾಮರ್ ಮೋಡ್ ಬೇಡ. ಆಗರ್ ಬಿಟ್ಟಿನ ತುದಿಯಲ್ಲಿ ಸ್ಕ್ರೂ ಇರುತ್ತೆ, ಅದು ತಾನೇ ಮರದೊಳಗೆ ಎಳೆದುಕೊಂಡು ಹೋಗುತ್ತೆ. ಗಂಟು ಸಿಕ್ಕರೆ ಡ್ರಿಲ್ ತಟ್ಟನೆ ತಿರುಗಿ ಮಣಿಕಟ್ಟು ತಿರುಚುತ್ತೆ. ಹಾಗಾಗಿ ಎರಡೂ ಕೈಯಲ್ಲಿ ಹಿಡಿಯಿರಿ. ಲುಂಗಿ, ಟವೆಲ್, ಕೈಗವಸು ಬಿಟ್ಟಿಗೆ ಸಿಕ್ಕದಂತೆ ನೋಡಿಕೊಳ್ಳಿ.

ಕರೆಂಟ್ ಇಲ್ಲದ ತೋಟದಲ್ಲಿ ಎರಡು ಕೈಯಿಂದ ತಿರುಗಿಸುವ ಬೈರಿಗೆಯೂ ಇದೇ ಕೆಲಸ ಮಾಡುತ್ತೆ, ಸ್ವಲ್ಪ ಬೆವರು ಜಾಸ್ತಿ ಅಷ್ಟೇ.

3. ಚೈನ್‌ಸಾ

"ಮನೇಲಿ ಚೈನ್‌ಸಾ ಇದೆಯಲ್ಲ, ತುದಿ ಚುಚ್ಚಿದರೆ ಆಯ್ತು" ಅನ್ನೋರಿದ್ದಾರೆ. ದಯವಿಟ್ಟು ಬೇಡ. ಬಾರ್‌ನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ಕಣ್ಣು ಮಿಟುಕಿಸೋದರೊಳಗೆ ಮುಖದ ಕಡೆಗೆ ಹಾರುತ್ತೆ. ತರಬೇತಿ ಪಡೆದವರೂ ಎಚ್ಚರದಿಂದ ಮಾಡುವ ಕೆಲಸ ಇದು. ಎಂಟು ತೂತಿಗಾಗಿ ಅಷ್ಟು ದೊಡ್ಡ ಅಪಾಯ ಯಾಕೆ?

4. ತೂತು ಕೊರೆಯುವ ಯಂತ್ರ

ಬಡಗಿ ಅಂಗಡಿಯಲ್ಲಿ ಚೌಕ ಉಳಿಯೊಳಗೆ ಬಿಟ್ ತಿರುಗುವ ಯಂತ್ರ ಇರುತ್ತೆ. ಬಾಗಿಲು ಚೌಕಟ್ಟಿಗೆ ಚೆನ್ನ, ಆದರೆ ಚಿಕ್ಕ ಯಂತ್ರದಲ್ಲಿ ಆರು ಇಂಚಿನ ಕಂಬ ಕೂರೋದಿಲ್ಲ. ಮೊದಲೇ ಅಳತೆ ಕೇಳಿ. ದಪ್ಪ ಕಂಬಕ್ಕೇ ಇರುವ ಚೈನ್ ಯಂತ್ರ ದುಬಾರಿ. ಬಾಡಿಗೆಗೆ ಸಿಕ್ಕರೆ ಸರಿ, ಒಂದು ಕೊಟ್ಟಿಗೆಗಾಗಿ ಕೊಳ್ಳಬೇಡಿ.

ಕೊರೆಯುವ ಕ್ರಮ

ಆರು ಇಂಚಿನ ಕಂಬಕ್ಕೆ ಎರಡು ಇಂಚು ಅಗಲ, ನಾಲ್ಕು ಇಂಚು ಎತ್ತರದ ತೂತು ಅಂದ್ಕೊಳ್ಳಿ. ಅಗಲ ಕಂಬದ ಮೂರನೇ ಒಂದು ಭಾಗ ಮೀರದಿದ್ದರೆ ಎರಡೂ ಬದಿಯಲ್ಲಿ ಬಲ ಉಳಿಯುತ್ತೆ.

• ಕಂಬವನ್ನು ಎರಡು ದಿಮ್ಮಿಯ ಮೇಲೆ ಮಲಗಿಸಿ, ಉರುಳದಂತೆ ಆಪು ಕೊಡಿ.
• ಮೂಲೆಮಟ್ಟ ಹಿಡಿದು ಎದುರುಬದುರು ಎರಡೂ ಮುಖಕ್ಕೆ ಗುರುತು ಹಾಕಿ.
• ಗುರುತಿನೊಳಗೆ ಒಂದೊಂದು ಇಂಚಿನ ಎಂಟು ಚೌಕ ಎಳೆದು, ಪ್ರತಿ ಚೌಕದ ನಡುವೆ 22 ಮಿ.ಮೀ. ಬಿಟ್‌ನಿಂದ ಕೊರೆಯಿರಿ.
• ಒಂದು ಮುಖದಿಂದ ಮೂರು ಇಂಚು, ಕಂಬ ತಿರುಗಿಸಿ ಇನ್ನೊಂದು ಮುಖದಿಂದ ಮೂರು ಇಂಚು. ಹೀಗಾದರೆ ತೂತು ಓರೆಯಾಗೋದು ಕಡಿಮೆ, ಹಿಂಬದಿ ಚಕ್ಕೆ ಏಳೋದಿಲ್ಲ.
• ಉಳಿಯ ಚಪ್ಪಟೆ ಮುಖ ಗೆರೆಯ ಕಡೆಗಿರಲಿ. ಮೊದಲು ಮೇಲಿನ ಮತ್ತು ಕೆಳಗಿನ ತುದಿಯಲ್ಲಿ ಎಳೆಗೆ ಅಡ್ಡವಾಗಿ ಹೊಡೆಯಿರಿ. ಉದ್ದದ ಬದಿಗಳನ್ನು ಮೆಲ್ಲಗೆ ಕೆತ್ತಿ. ನಾನು ತಪ್ಪಿದ್ದು ಇಲ್ಲೇ.

ಹಸಿ ಮರ ಕೊರೆಯಲು ಮೆತ್ತಗೆ, ಆದರೆ ಒಣಗುವಾಗ ಕುಗ್ಗುತ್ತೆ. ಒಣಗಿದ ಪಟ್ಟಿಯನ್ನು ಸ್ವಲ್ಪ ಹಸಿಯಿರುವ ಕಂಬಕ್ಕೆ ಬಿಗಿಯಾಗಿ ಕೂರಿಸಿದರೆ, ಕಂಬ ಒಣಗುತ್ತಾ ಅದನ್ನು ಹಿಡಿದುಕೊಳ್ಳುತ್ತೆ. ಉಣುಗೋಲು ಮಾತ್ರ ಜಾರಬೇಕು, ಮಳೆಗಾಲದಲ್ಲಿ ಅದು ಉಬ್ಬುತ್ತೆ ಕೂಡ. ಹಾಗಾಗಿ ತೂತು ಗೋಲಿಗಿಂತ ಅರ್ಧ ಇಂಚು ದೊಡ್ಡದಿರಲಿ.

ಕಣ್ಣಿಗೆ ಕನ್ನಡಕ ಹಾಕಿ, ಉಳಿಯ ಮುಂದೆ ಕೈ ಇಡಬೇಡಿ. ಮೊದಲ ತೂತನ್ನು ಬೇಡದ ಮರದ ತುಂಡಿನಲ್ಲಿ ಕೊರೆದು ನೋಡಿ. ಕೈ ಪಳಗಿದ ಮೇಲೆ ಕಂಬಕ್ಕೆ ಬನ್ನಿ.