ಎಚ್‌ಐವಿ ಮಾತ್ರೆ: ಡಾಕ್ಟರ್ ಹೇಗೆ ಆರಿಸುತ್ತಾರೆ, ರೋಗಿ ಏನು ಹೇಳಬೇಕು

ಸಾಸ್ವೆಹಳ್ಳಿ ಕಡೆಯವರು ಎಚ್‌ಐವಿ ಮಾತ್ರೆಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು, ಇಲ್ಲವೇ ಶಿವಮೊಗ್ಗದ ಮೆಗ್ಗಾನ್‌ಗೆ. ಎರಡೂ ಕಡೆ ಎಆರ್‌ಟಿ (ಎಚ್‌ಐವಿ ತಡೆಯುವ ಔಷಧಿಗಳ ಚಿಕಿತ್ಸೆ) ಕೇಂದ್ರಗಳಿವೆ, ಮಾತ್ರೆ ಪುಕ್ಕಟೆ. ಈ ಉಚಿತ ಚಿಕಿತ್ಸೆ ದೇಶದಲ್ಲಿ ಶುರುವಾಗಿದ್ದು 2004ರ ಏಪ್ರಿಲ್ 1ರಂದು. ಮೊದಲ ಹಂತದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆಗ ಸೋಂಕಿನ ವಿರುದ್ಧ ಹೋರಾಡುವ ಸಿಡಿ4 ಬಿಳಿ ರಕ್ತಕಣಗಳ ಎಣಿಕೆ ಕುಸಿಯುವವರೆಗೂ ಕಾಯಬೇಕಿತ್ತು. 2017ರಿಂದ ಆ ಕಾಯುವಿಕೆ ಇಲ್ಲ. ಸೋಂಕು ಖಚಿತವಾದವರೆಲ್ಲರಿಗೂ ಚಿಕಿತ್ಸೆ.

ಮೊದಲ ಹೆಜ್ಜೆ ಐಸಿಟಿಸಿ, ಅಂದರೆ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಅಲ್ಲಿ ಆಪ್ತ ಸಮಾಲೋಚಕರು ಮಾತನಾಡಿಸಿ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಒಂದೇ ಕಿಟ್ ನಂಬಿ 'ಪಾಸಿಟಿವ್' ಎನ್ನುವುದಿಲ್ಲ, ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿ ಖಚಿತಪಡಿಸುತ್ತಾರೆ. ಗುರುತಿನವರ ಕಣ್ಣಿಗೆ ಬೀಳುವ ಅಂಜಿಕೆಯಿಂದ ಹಿಂಜರಿಯುವವರು ಒಂದು ಸಂಗತಿ ತಿಳಿದಿರಲಿ: 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಯಾರ ಸೋಂಕಿನ ವಿಷಯವನ್ನೂ ಹೊರಗೆ ಹೇಳುವಂತಿಲ್ಲ.

ಈಗ ಹೆಚ್ಚಿನ ವಯಸ್ಕರಿಗೆ ಕೊಡುವುದು ದಿನಕ್ಕೊಂದೇ ಮಾತ್ರೆ. ಡಬ್ಬಿಯ ಮೇಲಿನ ಹೆಸರು ಓದಿದರೆ ಅದರೊಳಗೆ ಮೂರು ಔಷಧಿಗಳಿರುವುದು ಗೊತ್ತಾಗುತ್ತದೆ: ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300 ಮಿ.ಗ್ರಾಂ, ಡೊಲುಟೆಗ್ರಾವಿರ್ 50 ಮಿ.ಗ್ರಾಂ. ವೈರಸ್ಸು ಬಿಳಿ ರಕ್ತಕಣದೊಳಗೆ ಹೊಕ್ಕು, ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಂಡು, ಅದನ್ನು ಆ ಕಣದ ವಂಶವಾಹಿಗೇ ಸೇರಿಸಿಬಿಡುತ್ತದೆ. ಮೊದಲೆರಡು ಔಷಧಿಗಳು ಡಿಎನ್‌ಎ ಆಗುವುದನ್ನು ತಡೆಯುತ್ತವೆ, ಮೂರನೆಯದು ಸೇರಿಕೊಳ್ಳುವುದನ್ನು. ಒಂದೇ ಔಷಧಿ ಯಾಕೆ ಸಾಲದು? ನಾಲೆಯ ಒಂದು ತೂಬು ಮುಚ್ಚಿದರೆ ನೀರು ಇನ್ನೊಂದು ತೂಬಿನಲ್ಲಿ ನುಗ್ಗುವ ಹಾಗೆ, ವೈರಸ್ಸು ರೂಪ ಬದಲಿಸಿ ಆ ಔಷಧಿಯಿಂದ ತಪ್ಪಿಸಿಕೊಳ್ಳುತ್ತದೆ. 1987ರಲ್ಲಿ ಬಂದ ಮೊದಲ ಔಷಧಿ ಜಿಡೊವುಡಿನ್ ಒಂಟಿಯಾಗಿ ಸೋತದ್ದು ಹೀಗೆಯೇ. ಈಗಿನ ಮಾತ್ರೆಗೂ ವೈರಸ್ಸನ್ನು ಪೂರ್ತಿ ಕಿತ್ತುಹಾಕಲು ಆಗುವುದಿಲ್ಲ. ಕೆಲವು ಕಣಗಳಲ್ಲಿ ಅದು ಸುಮ್ಮನೆ ಅಡಗಿರುತ್ತದೆ. ಮಾತ್ರೆ ಬಿಟ್ಟರೆ ಮತ್ತೆ ಹೆಚ್ಚುತ್ತದೆ.

ಎಲ್ಲರಿಗೂ ಇದೇ ಮಾತ್ರೆ ಆಗಿಬರುವುದಿಲ್ಲ. ಡಾಕ್ಟರ್ ಮೊದಲು ಕೇಳುವುದು ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿದದ್ದರ ಬಗ್ಗೆ. ಅದು ಟಿಬಿಯ ಹುಡುಕಾಟ. ಟಿಬಿ ಇದ್ದರೆ ಮೊದಲು ಅದರ ಚಿಕಿತ್ಸೆ ಶುರುಮಾಡಿ, ಸಾಮಾನ್ಯವಾಗಿ ಎರಡು ವಾರದೊಳಗೆ ಎಆರ್‌ಟಿ ಕೊಡುತ್ತಾರೆ. ಟಿಬಿಯ ರಿಫಾಂಪಿಸಿನ್ ಮಾತ್ರೆಯಿಂದ ಡೊಲುಟೆಗ್ರಾವಿರ್‌ನ ಬಲ ಇಳಿಯುವುದರಿಂದ, 12 ಗಂಟೆ ಬಿಟ್ಟು ಇನ್ನೊಂದು 50 ಮಿ.ಗ್ರಾಂ ಮಾತ್ರೆ ನುಂಗಬೇಕಾಗುತ್ತದೆ. ಟೆನೊಫೊವಿರ್ ಮೂತ್ರಪಿಂಡಕ್ಕೆ ಭಾರವಾಗಬಹುದಾದ್ದರಿಂದ ಕ್ರಿಯಾಟಿನಿನ್ ಪರೀಕ್ಷೆ ಕಡ್ಡಾಯ; ದೋಷ ಕಂಡರೆ ಅದರ ಜಾಗಕ್ಕೆ ಅಬಾಕವಿರ್. ಹೆಪಟೈಟಿಸ್ ಬಿ ಇದ್ದವರಿಗೆ ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಕಾಯಿಲೆಗಳಿಗೆ ಕೆಲಸ ಮಾಡುತ್ತವೆ. ಅಂಥವರು ತಾವಾಗಿ ನಿಲ್ಲಿಸಿದರೆ ಲಿವರ್ ಹದಗೆಡುವ ಅಪಾಯವಿದೆ. ಮಕ್ಕಳಿಗೆ ತೂಕ ನೋಡಿಯೇ ಪ್ರಮಾಣ.

ಇನ್ನು ರೋಗಿ ತಾನಾಗಿಯೇ ಹೇಳಬೇಕಾದದ್ದು. ಕೇಳಲಿಲ್ಲವೆಂದು ಸುಮ್ಮನಿರಬಾರದು, ಯಾಕೆಂದರೆ ತೊಂದರೆ ಹೆಚ್ಚಾಗಿ ಬರುವುದು ಇಲ್ಲಿಂದಲೇ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಹೇಳಬೇಕು. ಡೊಲುಟೆಗ್ರಾವಿರ್ ಜೊತೆಗೆ ಅದು ದಿನಕ್ಕೆ 1,000 ಮಿ.ಗ್ರಾಂ ಮೀರಬಾರದು. ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್, ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳು ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ಮಾಡುತ್ತವೆ. ಇವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಎಆರ್‌ಟಿ ಮಾತ್ರೆ ತೆಗೆದುಕೊಂಡರೆ ಸರಿಹೋಗುತ್ತದೆ. ಗದ್ದೆ, ತೋಟದ ಕೆಲಸ ಮಾಡುವವರು ಮೈಕೈ ನೋವಿಗೆಂದು ಮೆಡಿಕಲ್ ಸ್ಟೋರಿನಿಂದ ತಂದು ನುಂಗುವ ಡೈಕ್ಲೊಫೆನಾಕ್ ವಿಷಯವನ್ನೂ ಮುಚ್ಚಿಡಬಾರದು. ಅದು ಟೆನೊಫೊವಿರ್ ಜೊತೆ ಸೇರಿದರೆ ಮೂತ್ರಪಿಂಡಕ್ಕೆ ಇಮ್ಮಡಿ ಪೆಟ್ಟು. ನಾಟಿ ಔಷಧಿ ನಡೆದಿದ್ದರೆ ಅದನ್ನೂ ಹೇಳಬೇಕು.

ಮಾತ್ರೆಗೆ ದಿನವೂ ಒಂದೇ ಹೊತ್ತು ಗೊತ್ತುಮಾಡಿಕೊಳ್ಳಬೇಕು. ಮರೆತರೆ ನೆನಪಾದ ಕೂಡಲೇ ನುಂಗುವುದು. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಅದೊಂದೇ ಸಾಕು, ಎರಡನ್ನು ಒಟ್ಟಿಗೆ ನುಂಗಬಾರದು.

ಮಾತ್ರೆ ನಾಟಿದೆಯೇ ಎಂದು ತೋರಿಸುವುದು ರಕ್ತದಲ್ಲಿ ವೈರಸ್ಸು ಎಷ್ಟಿದೆ ಎಂದು ಎಣಿಸುವ ವೈರಲ್ ಲೋಡ್ ಪರೀಕ್ಷೆ. ಚಿಕಿತ್ಸೆ ಶುರುವಾಗಿ ಆರು ತಿಂಗಳಾದಾಗ ಒಮ್ಮೆ, ವರ್ಷವಾದಾಗ ಇನ್ನೊಮ್ಮೆ, ಆಮೇಲೆ ಪ್ರತಿ ವರ್ಷ. ಎಣಿಕೆ ಮಿ.ಲೀ. ರಕ್ತಕ್ಕೆ 1,000 ದಾಟಿದರೆ ಕೂಡಲೇ ಔಷಧಿ ಬದಲಿಸುವುದಿಲ್ಲ: ಮಾತ್ರೆ ತಪ್ಪುತ್ತಿರುವುದು ಯಾಕೆಂದು ಸಮಾಲೋಚಕರು ವಿಚಾರಿಸಿ, ಸರಿಪಡಿಸಿ, ಮತ್ತೆ ಪರೀಕ್ಷಿಸುತ್ತಾರೆ. ಆಗಲೂ ಇಳಿಯದಿದ್ದರೆ ಎರಡನೇ ಹಂತದ ಔಷಧಿ. ವೈರಸ್ಸು ಪತ್ತೆಯೇ ಆಗದಷ್ಟು ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಇದು ದೊಡ್ಡ ಅಧ್ಯಯನಗಳಲ್ಲಿ ಸಾಬೀತಾದ ಮಾತು, ಮದುವೆ, ಮಕ್ಕಳ ಆಸೆ ಬಿಟ್ಟು ಕುಳಿತವರಿಗೆ ಮುಟ್ಟಲೇಬೇಕಾದ ಸುದ್ದಿ.

ಕೂಲಿಗೆಂದು ಕಾಫಿ ಸೀಮೆಗೋ ಬೆಂಗಳೂರಿಗೋ ಹೋಗುವವರು ಹೊರಡುವ ಮೊದಲೇ ಕೇಂದ್ರಕ್ಕೆ ತಿಳಿಸಬೇಕು. ಆರೋಗ್ಯ ಸ್ಥಿರವಾಗಿರುವವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುವುದಿದೆ. ಅಲ್ಲೇ ನೆಲೆಸುವುದಾದರೆ ಹತ್ತಿರದ ಎಆರ್‌ಟಿ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದು. ಯಾವ ಕೇಂದ್ರ ಹತ್ತಿರ ಎಂದು ತಿಳಿಯದವರಿಗೆ ಉಚಿತ ಸಹಾಯವಾಣಿ 1097.