ಕಣ್ಣಿಗೆ ಹಿತವಾದದ್ದು ದೇಹಕ್ಕೂ ಹಿತ



ಆಸ್ಪತ್ರೆ ಎಂದರೆ ಮಾತ್ರೆ, ಇಂಜೆಕ್ಷನ್, ಗ್ಲೂಕೋಸ್ ಬಾಟಲಿ ಇಷ್ಟೇ ಎಂದು ನಾವು ತಿಳಿದಿರುತ್ತೇವೆ. ಅಂದ ಚಂದಕ್ಕೂ ಕಾಯಿಲೆ ವಾಸಿಯಾಗುವುದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ.

ಕೆಲವು ವರ್ಷಗಳ ಹಿಂದೆ, ತೊಡೆಮೂಳೆಯ ಆಪರೇಷನ್ ಆಗಿದ್ದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದೆ. ಮೂರನೇ ದಿನವಾದರೂ ಊಟ ಬೇಡ, ಮಾತು ಬೇಡ. ಪಕ್ಕದಲ್ಲೇ ಕಿಟಕಿ ಇತ್ತು. ಆದರೆ ಅದರ ಕಂಬಿಗೆಲ್ಲ ಮನೆಯವರು ಒದ್ದೆ ಬಟ್ಟೆ, ಪ್ಲಾಸ್ಟಿಕ್ ಕವರುಗಳನ್ನು ನೇತು ಹಾಕಿದ್ದರು. ಅವನ್ನು ತೆಗೆಸಿ, ಮುಖ ಒರೆಸಿ, ತಲೆ ಬಾಚಿ, ದಿಂಬು ಎತ್ತರಿಸಿದೆವು. ಹೊರಗೆ ಹೊಂಗೆ ಮರ. ಸ್ವಲ್ಪ ಹೊತ್ತು ಅದನ್ನೇ ನೋಡಿ, "ಮಳೆ ಬಂತೇನವ್ವ?" ಎಂದರು. ಆ ಸಂಜೆ ಒಂದು ಲೋಟ ಗಂಜಿ ಕುಡಿದರು. ಮೂಳೆ ಕೂಡಿಸಿದ್ದು ಡಾಕ್ಟರೇ. ಆದರೆ ಊಟ ಮಾಡುವ ಮನಸ್ಸು ಕೊಟ್ಟದ್ದು ಆ ಕಿಟಕಿ.

ಇದನ್ನು ನಮಗಿಂತ ಮೊದಲೇ ಕಂಡವರಿದ್ದಾರೆ. ಶುಶ್ರೂಷೆಯ ತಾಯಿ ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಪುಸ್ತಕದಲ್ಲಿ, ಹೂವು, ಬಣ್ಣ, ಬೆಳಕು ರೋಗಿಯ ಮನಸ್ಸಿಗಷ್ಟೇ ಅಲ್ಲ, ದೇಹಕ್ಕೂ ಒಳ್ಳೆಯದು ಮಾಡುತ್ತವೆ ಎಂದು ತಿಳಿಸಿದರು. ನಮ್ಮ ಮೈಸೂರಿನಲ್ಲಿ 1921ರಲ್ಲಿ ಆರಂಭವಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆಯ ಕಾಲಕ್ಕೆ ಟಿ.ಬಿ.ಗೆ ಮಾತ್ರೆಯೇ ಇರಲಿಲ್ಲ. ಗಾಳಿ, ಬೆಳಕು, ವಿಶ್ರಾಂತಿ, ಒಳ್ಳೆಯ ಆಹಾರ ಇವೇ ಅಂದಿನ ಆರೈಕೆ.

1984ರಲ್ಲಿ ರೋಜರ್ ಉಲ್ರಿಚ್ ಎಂಬ ವಿಜ್ಞಾನಿ ಅಮೆರಿಕದ ಒಂದು ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿ ವರದಿ ಪ್ರಕಟಿಸಿದರು. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳು. 23 ಜನರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಉಳಿದ 23 ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಬೇಗ ಮನೆಗೆ ಹೋದರು. ಬಲವಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು. ಇದು ಸಣ್ಣ ಅಧ್ಯಯನ, ನೋಟವು ಔಷಧಿಗೆ ಬದಲಲ್ಲ. ಆದರೂ ಆಸ್ಪತ್ರೆ ಕಟ್ಟುವವರು ಕಿಟಕಿ, ಕೈತೋಟಗಳ ಬಗ್ಗೆ ಯೋಚಿಸುವಂತೆ ಮಾಡಿತು.

ಬಂಧುಗಳೇ, ನೀವು ಮಾಡಬಹುದಾದದ್ದು ಇಷ್ಟು:

1. ಕಿಟಕಿಗೆ ಬಟ್ಟೆ, ಚೀಲ ನೇತು ಹಾಕಬೇಡಿ. ಚಳಿಯಾದರೆ ರೋಗಿಗೆ ಕಂಬಳಿ ಹೊದಿಸಿ. ಎಬ್ಬಿಸಿ ಕೂರಿಸುವ ಮೊದಲು ನರ್ಸ್‌ರನ್ನು ಕೇಳಿ.

2. ಉಳಿದ ಊಟ, ಹಣ್ಣಿನ ಸಿಪ್ಪೆ ಕೂಡಲೇ ತೆಗೆಯಿರಿ. ಕನ್ನಡಕ, ನೀರು ಕೈಗೆ ಸಿಗುವಂತಿರಲಿ.

3. ದಿನವೂ ಮುಖ ತೊಳೆಸಿ, ತಲೆ ಬಾಚಿ, ರೂಢಿಯಂತೆ ವಿಭೂತಿಯೋ ಕುಂಕುಮವೋ ಇಡಿ. ಸಕ್ಕರೆ ಕಾಯಿಲೆಯವರ ಕಾಲಿನ ಉಗುರನ್ನು ಮಾತ್ರ ನೀವೇ ಕತ್ತರಿಸಬೇಡಿ.

4. ಆಪರೇಷನ್‌ಗೆ ಮುಂಚೆ ಉಗುರು ಬಣ್ಣ, ತುಟಿ ಬಣ್ಣ ತೆಗೆಸಿ. ಆಮ್ಲಜನಕ ಕಡಿಮೆಯಾದರೆ ಉಗುರು, ತುಟಿ ನೀಲಿಯಾಗುತ್ತವೆ. ಅದು ನಮಗೆ ಕಾಣಬೇಕು.

5. ಹೂವು ತರುವ ಮೊದಲು ಕೇಳಿ. ಐ.ಸಿ.ಯು., ಸುಟ್ಟಗಾಯದ ವಾರ್ಡ್‌ಗಳಲ್ಲಿ ಬೇಡ. ಹೂದಾನಿಯ ನೀರಿನಲ್ಲಿ ರೋಗಾಣುಗಳು ಬೆಳೆಯುತ್ತವೆ. ಉಬ್ಬಸ ಇರುವವರ ಹತ್ತಿರವೂ ಬೇಡ.

6. "ಎಷ್ಟು ಸೊರಗಿಹೋದೆ!" ಎಂದು ರೋಗಿಯ ಎದುರು ಹೇಳಬೇಡಿ. ಸುಟ್ಟಗಾಯವಾದವರು, ಲಕ್ವದಿಂದ ಬಾಯಿ ಸೊಟ್ಟಗಾದವರು ತಮ್ಮ ರೂಪವನ್ನು ಮೊದಲು ಕಾಣುವುದು ಕನ್ನಡಿಯಲ್ಲಲ್ಲ, ನಿಮ್ಮ ಮುಖದಲ್ಲಿ.

ಮಳೆಗಾಲದಲ್ಲಿ ಗುಂಡ್ಲುಪೇಟೆಯ ರಸ್ತೆಬದಿಯ ಚೆಂಡು ಹೂವು, ಸೂರ್ಯಕಾಂತಿ ಹೊಲಗಳನ್ನು ನೋಡಲು ದೂರದವರು ಗಾಡಿ ನಿಲ್ಲಿಸುತ್ತಾರೆ. ನಮಗೆ ಅದು ದಿನನಿತ್ಯದ ನೋಟ. ಹೂವು ತರಲಾಗದಿದ್ದರೆ ಚಿಂತೆಯಿಲ್ಲ. ಹೊಲ ಹೇಗಿದೆ, ಹೂ ಬಿಟ್ಟಿತೇ ಎಂದು ರೋಗಿಗೆ ಹೇಳಿ. ಅದೂ ಒಂದು ಕಿಟಕಿ ತೆರೆದಂತೆ.

ಬೇಗ ಗುಣಮುಖರಾಗಿ ಮನೆ ಸೇರಿರಿ.